ಮಡಿಕೆಯಲ್ಲಿ ಉದುರಿದ ಸಾಲು

ಈ ಕಥೆಯನ್ನು ಪ್ರಿಂಟರಿನಿಂದ ಶುರು ಮಾಡಬೇಕೋ ದೊಡ್ಡಮ್ಮನಿಂದಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪ್ರಿಂಟರಿನಿಂದ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ದೊಡ್ಡಮ್ಮನಿಂದ ಶುರು ಮಾಡಿದರೆ ಅವಳೇ ಎದ್ದು ಬರುತ್ತಾಳೆ.

ಮೊದಲ ಡ್ರಾಫ್ಟ್: 'ವಯಸ್ಸಾದ ಹೆಂಗಸೊಬ್ಬಳು ಕಿಟಕಿಯ ಬಳಿ ಕೂತು ಹಳೆಯ ನೆನಪುಗಳನ್ನು...'

(ಬಂದೇ ಬಂದಳು. ಕನ್ನಡಕ ಏರಿಸಿ ಓದಿದಳು. ಕಿಟಕಿಯ ಬಳಿ ತಾನು ಯಾವತ್ತೂ ಕೂತಿಲ್ಲ, ಅಲ್ಲಿ ಬೆನ್ನಿಗೆ ಗಾಳಿ ಹೊಡೆಯುತ್ತದೆ ಎಂದಳು. 'ವಯಸ್ಸಾದ' ಎಂಬುದಕ್ಕೂ ಆಕ್ಷೇಪಣೆ ಇದೆಯಂತೆ. ಡ್ರಾಫ್ಟು ಬುಟ್ಟಿಗೆ.)

೧.

ಸರಿ, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ನನ್ನ ಅಮ್ಮನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ ನನಗೆ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಇವರಿಬ್ಬರೂ ಸೇರಿ ಒಂದು ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಚಿಕ್ಕಮ್ಮ ಅಳತೆ ತೆಗೆದು, ಕತ್ತರಿಸಿ, ಹೊಲಿಯುತ್ತಿದ್ದಳು. ದೊಡ್ಡಮ್ಮ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ಸಂಭಾಳಿಸುತ್ತಿದ್ದಳು. ಒಮ್ಮೆ ಯಾರೋ ಒಂದು ಕೋಟನ್ನು ಬಹಳ ಮೆಚ್ಚಿ, ಇದು ಯಾರ ಕೈಕೆಲಸ ಎಂದು ಕೇಳಿದರು. ದೊಡ್ಡಮ್ಮ 'ನಮ್ಮದೇ' ಎಂದಳಂತೆ. ಒಳಗೆ ಮಷೀನು ತುಳಿಯುತ್ತಿದ್ದ ಚಿಕ್ಕಮ್ಮನಿಗೆ ಅದು 'ನನ್ನದೇ' ಎಂದು ಕೇಳಿಸಿತಂತೆ. ಆ ಒಂದು ಅಕ್ಷರದ ಮೇಲೆ ಅಂಗಡಿ ಮುಚ್ಚಿತು, ಮಾತೂ ನಿಂತಿತು. ಎದುರಿಗೆ ಸಿಕ್ಕರೆ ಒಬ್ಬಳು ರಸ್ತೆ ದಾಟುತ್ತಾಳೆ, ಇನ್ನೊಬ್ಬಳು ಚಪ್ಪಲಿ ಸರಿಮಾಡಿಕೊಳ್ಳುತ್ತಾಳೆ. ನಡುವಿನವಳಾದ ನನ್ನ ಅಮ್ಮ ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಹೊತ್ತು ಹೊತ್ತು ಸುಸ್ತಾಗಿ ಆ ಕೆಲಸವನ್ನು ನನಗೆ ದಾಟಿಸಿಬಿಟ್ಟಳು.

೨.

(ಈಗ ಪ್ರಿಂಟರು. ತಾಳ್ಮೆ ಇರಲಿ.)

ದೊಡ್ಡಮ್ಮನಿಗೆ ಮನೆತನದ ಕಥೆ ಬರೆಯುವ ಹುಕಿ ಬಂತು. ತಾನೇ ಟೈಪು ಮಾಡಿದಳು. ಮುಗಿಯುವವರೆಗೆ ಯಾರಿಗೂ ಒಂದಕ್ಷರ ತೋರಿಸಲಿಲ್ಲ. ಮನೆಯಲ್ಲೇ ಪ್ರಿಂಟ್ ತೆಗೆಯಲೆಂದು ಒಂದು ಹಳೆಯ ಲೇಸರ್ ಪ್ರಿಂಟರ್ ತಂದು ಊಟದ ಮೇಜಿನ ಮೇಲೆ ಇಟ್ಟಳು. ಅಂದಿನಿಂದ ಅವಳೂ ಅದೇ ಮನೆಯಲ್ಲಿರುವ ನಾನೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ.

ಮೊದಲ ಪುಟಗಳು ಎಡಕ್ಕೆ ಕಪ್ಪು, ಬಲಕ್ಕೆ ಮಂಜು. ಕಾರ್ಟ್ರಿಜ್ ಹೊರಗೆ ತೆಗೆದು, ಅಡ್ಡಡ್ಡ ಹಿಡಿದು, ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ತೂಗಿದೆ. ಒಳಗಿನ ಟೋನರ್ ಎಂಬ ಮಸಿಪುಡಿ ಸಮವಾಗಿ ಹರಡಿ ಒಂದಷ್ಟು ಪುಟ ಚೆನ್ನಾಗಿ ಬಂದವು. ಮತ್ತೆ ಮಂಜು. ಮತ್ತೆ ತೂಗಿದೆ. ಕೊನೆಗೆ ತೂಗಿದರೂ ಪ್ರಯೋಜನವಾಗಲಿಲ್ಲ, ಪುಡಿ ಮುಗಿದಿತ್ತು. ದೊಡ್ಡಮ್ಮ ಬೀದಿಯ ತುದಿಯ ಅಂಗಡಿಯಲ್ಲಿ ಅದನ್ನು ರೀಫಿಲ್ ಮಾಡಿಸಿ ತಂದಳು. ಈ ಸಲ ಅಕ್ಷರಗಳು ಕಾಡಿಗೆಯಷ್ಟು ಕಪ್ಪು. ಹಿಗ್ಗಿ ಹೀರೇಕಾಯಿಯಾದ ದೊಡ್ಡಮ್ಮ ಎಲ್ಲರಿಗೂ ಒಂದೊಂದು ಪ್ರತಿ ತೆಗೆದಳು. ಪುಟಗಳನ್ನು ಅರ್ಧಕ್ಕೆ ಮಡಚಿ, ಲಕೋಟೆಗೆ ತುರುಕಿ, ಬಂಧುಗಳಿಗೆಲ್ಲ ಹಂಚಿಸಿದಳು. ಚಿಕ್ಕಮ್ಮನ ಬಾಗಿಲಿಗೆ ಹೋದವಳು ನಾನು.

೩.

ಗ್ರಹಚಾರ ಎಲ್ಲಿತ್ತೆಂದರೆ, ಆ ಕಪ್ಪು ಕಾಗದಕ್ಕೆ ಹಿಡಿದೇ ಇರಲಿಲ್ಲ. ಮಡಚಿದ ಕಡೆಯೆಲ್ಲ ಪುಡಿ ಉದುರಿ, ಪ್ರತಿ ಪುಟದ ನಟ್ಟನಡುವಿನ ಸಾಲು ಮಾಯವಾಗಿತ್ತು. ಈ ಮೂವರ ತಮ್ಮನಾದ ನನ್ನ ಸೋದರಮಾವನ ಪುಟದಲ್ಲಿ ಅವರು ಡಿಗ್ರಿ ಮುಗಿಸಲಿಲ್ಲವೆಂಬ ಸಾಲೇ ಉದುರಿದ್ದರಿಂದ, ಪ್ರಿಂಟು ತುಂಬಾ ಚೆನ್ನಾಗಿದೆ ಎಂದು ಫೋನು ಮಾಡಿ ಹೊಗಳಿದರು.

ಹೊಲಿಗೆ ಅಂಗಡಿಯ ಪುಟ ಮಾತ್ರ ಹೀಗಿತ್ತು: 'ಎಲ್ಲರಿಗೂ ಗೊತ್ತಿರುವಂತೆ ಆ ಅಂಗಡಿ ನಡೆದದ್ದು', ಆಮೇಲೆ ಬಿಳಿ ಪಟ್ಟಿ, ಅದರ ಕೆಳಗೆ 'ಇದರಲ್ಲಿ ಎರಡನೇ ಮಾತಿಲ್ಲ.'

ಚಿಕ್ಕಮ್ಮ ನನಗೆ ಫೋನು ಮಾಡಿದಳು. ಮೊದಲು ನನ್ನ ಆರೋಗ್ಯ ವಿಚಾರಿಸಿದಳು. ಆಗಲೇ ನಾನು ಕುರ್ಚಿ ಎಳೆದುಕೊಂಡು ಕೂತೆ.

"ಆ ಜಾಗದಲ್ಲಿ ಏನಿತ್ತು ಅಂತ ಅವಳನ್ನ ಕೇಳು. ಮತ್ತೆ 'ನನ್ನಿಂದ' ಅಂತ ಬರ್ಕೊಂಡಿದ್ರೆ, ಅವಳ ಮನೆ ಇರೋ ಬೀದಿಗೂ ನಾನು ಕಾಲಿಡಲ್ಲ."

ದೊಡ್ಡಮ್ಮನನ್ನು ಕೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು.

"ಅದನ್ನ ಬರೆಯೋಕೇ ಜೀವ ಹೋಯ್ತು. ಬಾಯಲ್ಲಿ ಬೇರೆ ಹೇಳ್ಬೇಕಾ?"

೪.

(ಇಲ್ಲಿ ನೀವು ಕೇಳಬಹುದು: ಕಂಪ್ಯೂಟರಿನಲ್ಲಿ ಇದೆಯಲ್ಲ, ನೋಡಿದರಾಯಿತಲ್ಲ? ನಾನೂ ಕೇಳಿದೆ. ಸ್ಕ್ರೀನಿನ ಮೇಲಿರುವುದನ್ನು ಈಗಿಂದೀಗ ತಿದ್ದಬಹುದು, ಊರಿಗೆಲ್ಲ ಹಂಚಿದ್ದು ಕಾಗದ, ತನಗೂ ಕಾಗದವೇ ಬೇಕು ಎಂದಳು ಚಿಕ್ಕಮ್ಮ. ಕಥೆಯಲ್ಲಿ ಸಸ್ಪೆನ್ಸ್ ಇರಲೆಂದು ನಾನು ಹೂಡಿದ ಉಪಾಯವಲ್ಲ ಇದು. ನನಗೆ ಅಷ್ಟು ಜಾಣತನವಿದ್ದಿದ್ದರೆ ಪತ್ತೇದಾರಿ ಬರೆಯುತ್ತಿದ್ದೆ.)

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಬಂದೇಬಿಟ್ಟಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಡುವೆ ನಾನು ಮತ್ತು ಪ್ರಿಂಟರು. ಆ ಪುಟವನ್ನು ಹೊಸದಾಗಿ ತೆಗೆದೆ. ದೊಡ್ಡಮ್ಮ ನನಗಿಂತ ಮೊದಲೇ ಅದನ್ನು ಕಸಿದುಕೊಂಡು, ಅಕ್ಷರ ನಿಂತಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒರೆಸಿ ನೋಡಿದಳು. ಸಾಲು ಹೋಗಿ ಬೆರಳಿಗೆ ಹತ್ತಿತು. ಅದೂ ಆ ಸಾಲೇ.

ಅಳಿಸಿದ್ದು ಬೇಕೆಂತಲೇ ಎಂದು ಚಿಕ್ಕಮ್ಮ ನನಗೆ ಹೇಳಿದಳು. ಹಾಗೇನಿಲ್ಲ ಎಂದು ದೊಡ್ಡಮ್ಮನೂ ನನಗೇ ಹೇಳಿದಳು.

ನಾನು ರಿಪೇರಿಯವರಿಗೆ ಫೋನು ಹಚ್ಚಿದೆ. ಎಲ್ಲ ಕೇಳಿ ಅವರು, ರೀಫಿಲ್ ಮಾಡಿದ್ದು ಬೇರೆ ಮಾಡೆಲಿನ ಪುಡಿ ಇರಬೇಕು, ಟೋನರ್ ಕಾಗದಕ್ಕೆ ಹಿಡಿಯುವುದು ಬಿಸಿಗೆ ಕರಗಿದರೆ ಮಾತ್ರ, ನಿಮ್ಮ ಮಷೀನಿನ ಬಿಸಿ ಆ ಪುಡಿಗೆ ಸಾಲುತ್ತಿಲ್ಲ ಎಂದರು. ಸರಿಯಾದ ಕಾರ್ಟ್ರಿಜ್ ಬರಲು ವಾರವಾದರೂ ಬೇಕಂತೆ.

ಚಿಕ್ಕಮ್ಮ ಹೊಸ್ತಿಲಿನಿಂದಲೇ ಒಂದು ಪ್ರಶ್ನೆ ಹಾಕಿದಳು.

"ಬಿಸಿ ಸಾಲಲ್ಲ ಅಷ್ಟೇ ತಾನೆ? ಇಸ್ತ್ರಿ ಪೆಟ್ಟಿಗೆ ಎಲ್ಲಿದೆ?"

೫.

ಪ್ರಿಂಟರನ್ನು ಪಕ್ಕಕ್ಕೆ ಸರಿಸಿ ಊಟದ ಮೇಜಿನ ಮೇಲೆ ಕಂಬಳಿ ಹಾಸಿದೆವು. ಎಷ್ಟೋ ವರ್ಷಗಳ ಮೇಲೆ ಚಿಕ್ಕಮ್ಮ ಈ ಮನೆಯೊಳಗೆ ಬಂದಿದ್ದಳು, ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಪುಟವನ್ನು ಮತ್ತೆ ತೆಗೆದು, ಯಾರೂ ಮುಟ್ಟದಂತೆ, ಬೋರಲಾಗಿ ಇಟ್ಟಿದ್ದಾಯಿತು. ಮೊದಲು ಚಿಕ್ಕಮ್ಮ ಪರೀಕ್ಷೆಗೆಂದು ಬೇರೆ ಪುಟದ ಮೇಲೆ ತೆಳ್ಳನೆ ಬಟ್ಟೆ ಹಾಕಿ ಒತ್ತಿದಳು. ಬಟ್ಟೆ ಎತ್ತಿದರೆ ಅಜ್ಜನ ಬಾಲ್ಯವೆಲ್ಲ ಬಟ್ಟೆಗೆ ಅಂಟಿತ್ತು, ತಿರುಗುಮುರುಗಾಗಿ. ದೊಡ್ಡಮ್ಮ ಅಡುಗೆಮನೆಗೆ ಹೋಗಿ ನುಣುಪಾದ ಬಟರ್ ಪೇಪರ್ ತಂದು ಮೇಜಿನ ಮೇಲಿಟ್ಟಳು. ಅದು ಅಂಟಲಿಲ್ಲ.

ಚಿಕ್ಕಮ್ಮ ಆ ಪುಟಕ್ಕೆ ಇಸ್ತ್ರಿ ಹಾಕಿದಳು. ಕಾಲರಿಗೆ ಹಾಕುವಷ್ಟು ಜೋಪಾನವಾಗಿ. ಆರಿದ ಮೇಲೆ ಉಗುರಿನಿಂದ ಕೆರೆದು ನೋಡಿದಳು. ಅಕ್ಷರ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಓದಿದಳು:

'ಎಲ್ಲರಿಗೂ ಗೊತ್ತಿರುವಂತೆ ಆ ಅಂಗಡಿ ನಡೆದದ್ದು ನನ್ನ ತಂಗಿಯ ಕೈಯಿಂದ; ನಾನು ಸುಮ್ಮನೆ ಗಲ್ಲಾದಲ್ಲಿ ಕೂತಿದ್ದೆ. ಇದರಲ್ಲಿ ಎರಡನೇ ಮಾತಿಲ್ಲ.'

೬.

ಮುಕ್ತಾಯ ಒಂದು: ಇಬ್ಬರೂ ತಬ್ಬಿಕೊಂಡು ಅತ್ತರು.

(ದೊಡ್ಡಮ್ಮ ಇದನ್ನು ಓದಿ, ಅಂಥವರು ಬೇರೆ, ನಾವು ಬೇರೆ ಎಂದಳು.)

ಮುಕ್ತಾಯ ಎರಡು: ತಡವಾಗಿ ಬಂದ ಮಾತು ತನಗೆ ಬೇಡವೆಂದು ಚಿಕ್ಕಮ್ಮ ಪುಟವನ್ನು ಹರಿದಳು.

(ಇಷ್ಟು ಕಷ್ಟಪಟ್ಟು ಇಸ್ತ್ರಿ ಮಾಡಿದ್ದನ್ನು ಯಾರಾದರೂ ಹರಿಯುತ್ತಾರಾ ಎಂದು ಚಿಕ್ಕಮ್ಮ ಕೇಳಿದ್ದಾಳೆ. ಇದೂ ಬುಟ್ಟಿಗೆ.)

ನಡೆದದ್ದು ಇಷ್ಟು. ಚಿಕ್ಕಮ್ಮ ಬಹಳ ಹೊತ್ತು ಪುಟವನ್ನು ಕೆಳಗಿಡಲಿಲ್ಲ. ಕೊನೆಗೆ, ನನ್ನನ್ನು ನೋಡದೆ, ನೇರವಾಗಿ ದೊಡ್ಡಮ್ಮನನ್ನು ನೋಡಿ ಹೇಳಿದಳು:

"'ಸುಮ್ಮನೆ' ಅಂತ ಯಾಕೆ ಬರೆದೆ, ಅಕ್ಕ? ಗಲ್ಲಾದಲ್ಲಿ ಕೂರೋದೂ ಕೆಲಸಾನೇ."

ದೊಡ್ಡಮ್ಮ ಕೂಡಲೇ ಪ್ರಿಂಟರಿನ ಕಡೆ ತಿರುಗಿ ಅದರ ಮುಚ್ಚಳ ಒರೆಸತೊಡಗಿದಳು. ಒರೆಸುತ್ತಲೇ, ತಾನು ಬರೆದದ್ದು ಬರೆದದ್ದೇ, ತಿದ್ದುವುದಿಲ್ಲ ಎಂದಳು. ತಿದ್ದಲೇಬೇಕು, ಆ ಗಿರಾಕಿಗಳ ಕಾಟ ತಡೆಯಲು ತನ್ನಿಂದ ಆಗುತ್ತಿರಲಿಲ್ಲ ಎಂದಳು ಚಿಕ್ಕಮ್ಮ. ಅದೇನು ಮಹಾ ಎಂದಳು ದೊಡ್ಡಮ್ಮ. ಮಹಾನೇ ಎಂದಳು ಚಿಕ್ಕಮ್ಮ. ದನಿ ಏರುತ್ತಿದೆ. ಈ ಜಗಳದಲ್ಲಿ ನನ್ನ ಪಾಲೇನೂ ಇಲ್ಲ, ಯಾರ ಮಾತನ್ನೂ ಯಾರಿಗೂ ನಾನು ಒಯ್ಯಬೇಕಾಗಿಲ್ಲ.

'ಸುಮ್ಮನೆ' ಉಳಿಯುತ್ತದೋ ಹೋಗುತ್ತದೋ ಕೇಳಬೇಡಿ. ಅದು ತೀರ್ಮಾನವಾಗುವವರೆಗೆ ಚಿಕ್ಕಮ್ಮ ಹೊರಡುವುದಿಲ್ಲವಂತೆ. ದೊಡ್ಡಮ್ಮ ಅವಳಿಗೂ ಸೇರಿಸಿ ಅಕ್ಕಿ ಅಳೆಯುತ್ತಿದ್ದಾಳೆ, ತೀರ್ಮಾನ ಮಾತ್ರ ಹೇಳುತ್ತಿಲ್ಲ. ಹೇಳಿಬಿಡು ಎಂದು ಒತ್ತಾಯಿಸಲು ನಾನೇನು ಹುಚ್ಚಿಯೇ?