ಮೂರು ಚಮಚ ಸೂಪು

ಆ ಊರಿಗೆ ನಾನು ಹೋದದ್ದು ತಿನ್ನಲಿಕ್ಕಲ್ಲ, ಕದಿಯಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅಲ್ಲಿಯವರೆಗೆ ನೀವು ನನ್ನನ್ನು ಒಳ್ಳೆಯವಳು ಅಂದುಕೊಂಡಿರುತ್ತೀರಿ, ಆಮೇಲೆ ಬೈಯಲು ನಿಮಗೇ ಸಂಕೋಚವಾಗುತ್ತದೆ.

ನನ್ನದು ಕ್ಯಾಂಟೀನು. ನಾಲ್ಕು ಮಹಡಿಯ ಒಂದು ಆಫೀಸಿನ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ ನಡೆಸುತ್ತಿದ್ದೇನೆ. ಹೋದ ವರ್ಷ ಒಂದು ಮಧ್ಯಾಹ್ನ ಮ್ಯಾನೇಜರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಮೇಡಂ, ನಿಮ್ಮ ಸೋಮವಾರ ಯಾವ್ದು, ಗುರುವಾರ ಯಾವ್ದು ನಾಲಿಗೆಗೆ ಗೊತ್ತೇ ಆಗಲ್ಲ. ತಿಂಗಳ ಕೊನೇ ಬುಧವಾರ ನಾವು ನಾಲ್ಕು ಜನ ಕೂತು ರುಚಿ ನೋಡ್ತೀವಿ. ಹೊಸದೇನಾದ್ರೂ ಮಾಡಿದ್ರೆ ಸರಿ. ಇಲ್ದಿದ್ರೆ ಬೇರೆಯವ್ರು ಈ ಜಾಗ ಕೇಳ್ತಾ ಇದಾರೆ" ಅಂದರು. ಕ್ಯಾಂಟೀನು ಕೈತಪ್ಪಿದರೆ ನನಗೆ ಉಳಿಯುವುದು ಎರಡು ದೊಡ್ಡ ಪಾತ್ರೆ ಮತ್ತು ಸೊಂಟನೋವು.

ಹೊಸದನ್ನು ಕಂಡುಹಿಡಿಯುವ ಬುದ್ಧಿ ನನಗಿಲ್ಲ. ಇರುವುದು ನಾಲಿಗೆ. ಯಾರು ಏನೇ ಬೇಯಿಸಲಿ, ಎರಡು ತುತ್ತಿನಲ್ಲಿ ಅದರೊಳಗೆ ಏನೇನಿದೆ, ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಬಿತ್ತು ಅಂತ ಬಿಡಿಸಿ ಇಡಬಲ್ಲೆ. ಐದು ಗಂಟೆ ಬಸ್ಸಿನ ದೂರದಲ್ಲಿ, ತಿನ್ನುವುದಕ್ಕೇ ಹೆಸರಾದ ಒಂದು ಊರಿತ್ತು. ರಜೆ ಬಂದರೆ ಜನ ಅಲ್ಲಿಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು ಬರುತ್ತಿದ್ದರು. ಶನಿವಾರ ಭಾನುವಾರ ಎರಡು ದಿನದಲ್ಲಿ ಎಂಟು ಅಂಗಡಿ ಸುತ್ತಬೇಕು, ಒಂದಾದರೂ ಒಳ್ಳೆಯ ತಿನಿಸನ್ನು ನಾಲಿಗೆಯ ಮೇಲೆ ಹೊತ್ತು ತರಬೇಕು ಎಂದು ಲೆಕ್ಕ ಹಾಕಿದೆ. ಎಂಟು ಅಂಗಡಿಗೆ ಒಂದು ಹೊಟ್ಟೆ ಸಾಲದು. ಅದಕ್ಕೆ ಅತ್ತಿಗೆಯನ್ನು ಕರೆದೆ.

ಕರೆದ ರೀತಿ ಕೇಳಿ. "ಅತ್ತಿಗೆ, ಅಮ್ಮನ್ನ ಎರಡು ವರ್ಷ ಮಗುವಿನ ಹಾಗೆ ನೋಡ್ಕೊಂಡ್ರಿ. ನಾನು ನಿಮ್ಗೆ ಅಂತ ಒಂದು ದಿನಾನೂ ಏನೂ ಮಾಡ್ಲಿಲ್ಲ. ಬನ್ನಿ, ಎರಡು ದಿನ ಸುತ್ತಾಡಿ, ಚೆನ್ನಾಗಿ ತಿಂದು ಬರೋಣ" ಅಂದೆ. ಅಮ್ಮ ತೀರಿಕೊಂಡು ಆಗಲೇ ಆರು ವರ್ಷ. ಅತ್ತಿಗೆ ಫೋನಿನಲ್ಲಿ, "ಅಯ್ಯೋ, ಅದೆಲ್ಲ ಯಾಕೆ ಪುಟ್ಟಿ" ಅಂದರು. ದನಿ ಒದ್ದೆಯಾಗಿತ್ತು. ನನಗೆ ನಲವತ್ತಾರು, ಅವರಿಗೆ ಮಾತ್ರ ಇನ್ನೂ ಪುಟ್ಟಿ.

ಅಮ್ಮ ಅಣ್ಣನ ಮನೆಯಲ್ಲಿದ್ದಳು. ಕ್ಯಾಂಟೀನಿನಿಂದ ಅಲ್ಲಿಗೆ ನಲವತ್ತು ನಿಮಿಷ. ಆ ಎರಡು ವರ್ಷದಲ್ಲಿ ನಾನು ಎಷ್ಟು ಸಲ ಹೋದೆ ಅನ್ನುವುದಕ್ಕೆ ಕೈಬೆರಳು ಸಾಕು. ಕೊನೆಯ ದಿನ ಅತ್ತಿಗೆ ಮೂರು ಸಲ ಫೋನ್ ಮಾಡಿದ್ದರು. ಆಫೀಸಿನ ವಾರ್ಷಿಕ ಊಟ, ನಾನೂರು ತಟ್ಟೆ. "ಊಟ ಮುಗಿಸ್ಕೊಂಡು ಬರ್ತೀನಿ" ಅಂದೆ. ಅಮ್ಮ ಊಟ ಮುಗಿಯುವವರೆಗೆ ಕಾಯಲಿಲ್ಲ. ಆಮೇಲೆ ಈ ವಿಷಯ ಅತ್ತಿಗೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶನಿವಾರ ಹತ್ತು ಗಂಟೆಗೆ ಬಸ್ಸಿಳಿದೆವು. ನನ್ನ ಕೈಚೀಲದಲ್ಲಿ ಒಂದು ಚಿಕ್ಕ ಪುಸ್ತಕ ಮತ್ತು ಮುಚ್ಚಳ ಬಿಗಿಯಾಗಿರುವ ಐದು ಪುಟ್ಟ ಸ್ಟೀಲ್ ಡಬ್ಬಿ. ಮೊದಲು ಮೀನು ಸುಡುವ ಅಂಗಡಿ, ಅಲ್ಲಿಂದ ಮಾಂಸ ತುಂಬಿದ ಬನ್ನು, ಅಲ್ಲಿಂದ ಜೇನು ಸುರಿದುಕೊಡುವ ಹಾಲಿನ ಸಿಹಿ. ಅತ್ತಿಗೆ ತಿನ್ನುವುದನ್ನು ನೋಡಬೇಕು. ಐವತ್ತೆರಡು ವರ್ಷದ ಹೆಂಗಸು, ಬೀದಿಯಲ್ಲಿ ನಿಂತು ಬೆರಳು ನೆಕ್ಕಿಕೊಂಡು, "ಪುಟ್ಟಿ, ನಿಮ್ಮಣ್ಣ ಇಲ್ಲಿದ್ದಿದ್ರೆ 'ಮನೇಲಿ ಮಾಡಕ್ಕಾಗಲ್ವಾ' ಅಂತಿದ್ರು. ಆಗಲ್ಲ ಕಣ್ರೀ, ಆಗಲ್ಲ!" ಎಂದು ಅಲ್ಲಿಲ್ಲದ ಗಂಡನಿಗೆ ಜವಾಬು ಕೊಟ್ಟು ನಗುತ್ತಿದ್ದರು. ನಾನು ಪ್ರತಿ ಅಂಗಡಿಯಲ್ಲೂ ಎರಡು ತುತ್ತು ತಿಂದು ಟಾಯ್ಲೆಟ್ಟಿಗೆ ಓಡುತ್ತಿದ್ದೆ, ಮರೆಯುವ ಮುಂಚೆ ಬರೆದುಕೊಳ್ಳಲು. ಮೂರು ಅಂಗಡಿ, ಮೂರು ಟಾಯ್ಲೆಟ್ಟು. ನಾಲ್ಕನೆಯದಕ್ಕೆ ಹೋಗುವ ದಾರಿಯಲ್ಲಿ ಅತ್ತಿಗೆ ಔಷಧಿ ಅಂಗಡಿಗೆ ನುಗ್ಗಿ ಹೊಟ್ಟೆ ಕಟ್ಟುವ ಮಾತ್ರೆ ತಂದು, "ನಾಚ್ಕೋಬೇಡ, ನುಂಗು" ಅಂದರು. ಬೇರೆ ದಾರಿಯಿಲ್ಲದೆ ನುಂಗಿದೆ. ಅದರ ಫಲ ಮೂರು ದಿನ ಅನುಭವಿಸಿದೆ.

ನಾಲ್ಕನೆಯದು ಸೂಪಜ್ಜಿಯ ಅಂಗಡಿ. ಊರಿಗೆ ಊರೇ ಆಕೆಯನ್ನು ಹಾಗೆ ಕರೆಯುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಇಳಿಜಾರು ಬೀದಿಯಲ್ಲಿ, ಎರಡು ಮೆಟ್ಟಿಲು ಕೆಳಗಿಳಿದರೆ ಆರು ಮೇಜಿನ ಕೋಣೆ. ಮಾಡುವುದು ಒಂದೇ ತಿನಿಸು: ಬಿಳಿ ಬೀನ್ಸ್ ಕಾಳಿನ ಗಟ್ಟಿ ಸೂಪು. ಒಂದು ಚಮಚ ಬಾಯಿಗಿಟ್ಟೆ. ಕಾಳು, ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಒಣಮೆಣಸು. ಇಷ್ಟು ಸಿಕ್ಕಿತು. ಇವುಗಳ ಅಡಿಯಲ್ಲಿ ಇನ್ನೊಂದೇನೋ ಇತ್ತು, ಕಹಿಯಂಥದ್ದು, ಆದರೆ ಕಹಿಯಲ್ಲ. ಹೊಗೆಯಂಥದ್ದು, ಆದರೆ ಹೊಗೆಯೂ ಅಲ್ಲ. ಎರಡನೇ ಚಮಚ, ಐದನೇ ಚಮಚ. ಬಟ್ಟಲು ಬರಿದಾಯಿತು, ಸಿಗಲಿಲ್ಲ. ನನ್ನ ನಾಲಿಗೆಗೆ ಇಂಥ ಅವಮಾನ ಎಂದೂ ಆಗಿರಲಿಲ್ಲ.

ಎರಡನೇ ಬಟ್ಟಲು ತರಿಸಿದೆ. ಮನೆಗೆ ಒಯ್ದು, ಸೋಸಿ, ಬಿಸಿಮಾಡಿ, ತಣಿಸಿ, ಹೇಗಾದರೂ ಬಿಡಿಸಲೇಬೇಕು. ಡಬ್ಬಿಯನ್ನು ಮೇಜಿನ ಕೆಳಗೆ ಮಂಡಿಯ ಮಧ್ಯೆ ಹಿಡಿದು, ಚಮಚದಿಂದ ಒಂದೊಂದಾಗಿ ಇಳಿಸತೊಡಗಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ.

"ಯಾರಿಗಮ್ಮ ಅದು?"

ಸೂಪಜ್ಜಿ ಪಕ್ಕದಲ್ಲೇ ನಿಂತಿದ್ದರು. ಸಣ್ಣ ಮೈ, ಮೊಣಕೈವರೆಗೆ ಮಡಿಸಿದ ತೋಳು, ತೋಳಿನ ತುಂಬ ಹಳೆಯ ಸುಟ್ಟ ಗುರುತುಗಳು. ನನ್ನ ತೋಳಿನಲ್ಲೂ ಅವೇ ಇವೆ. 'ನಾನೂ ನಿಮ್ಮ ಹಾಗೇ ಅಡುಗೆಯವಳು, ರುಚಿ ತಿಳೀಲಿಲ್ಲ, ಹೇಳಿಕೊಡಿ' ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಅಮ್ಮಂಗೆ" ಅಂದೆ. "ಹಾಸಿಗೆ ಹಿಡಿದಿದಾರೆ. ಏನೂ ಸೇರಲ್ಲ. ಇದನ್ನ ತಿಂದಾರೇನೋ ಅಂತ..."

ಎದುರಿಗೆ ಅತ್ತಿಗೆಯ ಚಮಚ ಬಾಯಿಯ ಹತ್ತಿರ ನಿಂತಿತು. ನಾನು ಆ ಕಡೆ ನೋಡಲಿಲ್ಲ.

ಸೂಪಜ್ಜಿ ಕುರ್ಚಿ ಎಳೆದುಕೊಂಡು ಕೂತರು. "ಅದಕ್ಯಾಕಮ್ಮ ಮೇಜಿನ ಕೆಳಗೆ? ಕೇಳಿದ್ರೆ ಕೊಡ್ತಿರ್ಲಿಲ್ವಾ? ಇದು ಬೇಡ, ಇದ್ರಲ್ಲಿ ಖಾರ ಇದೆ. ನಾಳೆ ನಾನು ಬೇರೆ ಮಾಡ್ಕೊಡ್ತೀನಿ. ಹಲ್ಲು ಇದ್ಯಾ ಅವ್ರಿಗೆ?"

ಕೊನೆಕೊನೆಗೆ ಅಮ್ಮನಿಗೆ ಹಲ್ಲು ಎಷ್ಟು ಉಳಿದಿದ್ದವು ಅನ್ನುವುದು ನನಗೆ ಗೊತ್ತಿರಲಿಲ್ಲ.

"ಎಡಗಡೆ ನಾಲ್ಕಿವೆ" ಅಂದರು ಅತ್ತಿಗೆ, ಚಮಚ ಕೆಳಗಿಟ್ಟು. "ಬಲಗಡೆ ಏನೂ ಇಲ್ಲ."

"ನುಂಗೋಕೆ ಆಗುತ್ತಾ?"

"ನೀರಿನ ಹಾಗಿದ್ರೆ ಕೆಮ್ಮು ಬರುತ್ತೆ. ಗಟ್ಟಿಯಿದ್ರೆ ಇಳಿಯಲ್ಲ. ಗಂಜಿಗಿಂತ ಒಂಚೂರು ದಪ್ಪ ಇರ್ಬೇಕು. ಕತ್ತಿನ ಹಿಂದೆ ಕೈ ಕೊಟ್ಟು ಎತ್ತಿ ಹಿಡ್ಕೊಂಡ್ರೆ ಮೂರು ಚಮಚ ತಿಂತಾರೆ. ನಾಲ್ಕನೇದಕ್ಕೆ ಬಾಯಿ ಬಿಗಿಹಿಡೀತಾರೆ. ಆದ್ರೆ ಚಮಚ ಕೆಳಗಿಟ್ಟು ಬೇರೆ ಏನಾದ್ರೂ ಮಾತಾಡಿದ್ರೆ ಮರ್ತುಹೋಗುತ್ತೆ ಅವ್ರಿಗೆ. ಆಗ ಇನ್ನೊಂದು ಕೊಡ್ಬೋದು."

"ಏನ್ ಮಾತಾಡ್ತೀಯ?"

"ಇವಳ ವಿಷ್ಯ, ನನ್ನ ನಾದಿನಿ" ಎಂದು ಅತ್ತಿಗೆ ನನ್ನ ಕಡೆ ಕೈ ತೋರಿಸಿದರು. "ನಾಳೆ ಬರ್ತಾಳೆ ಅಂತೀನಿ. ಆಗ ಬಾಯಿ ತೆಗೀತಾರೆ."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮಂಡಿಯ ಮಧ್ಯೆ ಡಬ್ಬಿ ಇನ್ನೂ ಬೆಚ್ಚಗಿತ್ತು. ಸೂಪಜ್ಜಿ ಅತ್ತಿಗೆಯ ಕೈ ಸವರಿ, ನನಗೆ, "ಪುಣ್ಯವಂತೆ ಕಣಮ್ಮ ನೀನು, ಇಂಥ ಅತ್ತಿಗೆ ಸಿಕ್ಕಿದಾಳೆ" ಅಂದರು. ನಾನು ಹಲ್ಲು ಕಿರಿದೆ.

ಉಳಿದ ನಾಲ್ಕು ಅಂಗಡಿಗೆ ಹೋಗಲಿಲ್ಲ. ಅತ್ತಿಗೆ, "ಹೊಟ್ಟೆ ತುಂಬಿದೆ" ಅಂದರು. ಲಾಡ್ಜಿನ ಕೋಣೆಯಲ್ಲಿ ಬೆನ್ನು ತಿರುಗಿಸಿ ಮಲಗಿದರು.

ಭಾನುವಾರ ಬೆಳಿಗ್ಗೆ ಸೂಪಜ್ಜಿ ನಮ್ಮನ್ನು ನೇರ ಅಡುಗೆಮನೆಗೇ ಕರೆದುಕೊಂಡು ಹೋದರು. ದೊಡ್ಡ ಪಾತ್ರೆಯ ಪಕ್ಕದಲ್ಲಿ ಒಂದು ಪುಟ್ಟ ಪಾತ್ರೆ ಬೇರೆಯಾಗಿ ಕುದಿಯುತ್ತಿತ್ತು. "ಡಬ್ಬಿಲಿ ಕೊಟ್ರೆ ಎರಡು ದಿನ ಬರುತ್ತೆ. ಆಮೇಲೆ ಅವ್ರಿಗೆ ಮತ್ತೆ ತಿನ್ಬೇಕು ಅನ್ಸಿದ್ರೆ? ಕಾಯಿಲೆಯವ್ರ ಆಸೆ ಬಸ್ಸಿಗೆ ಕಾಯಲ್ಲ. ನೋಡ್ಕೊಳ್ಳಿ, ನೀವೇ ಮಾಡಿ ಕೊಡಿ" ಎಂದು, ಹಿಂದಿನ ದಿನದ ಬ್ರೆಡ್ಡಿನ ತುಂಡುಗಳನ್ನು ಬರಿ ಬಾಣಲೆಯಲ್ಲಿ ಹಾಕಿದರು. ಕಂದು ಬಣ್ಣವಾಯಿತು. ತೆಗೆಯಲಿಲ್ಲ. ಕಪ್ಪಾಗತೊಡಗಿತು, ನನ್ನ ಕೈ ತಾನಾಗಿ ಒಲೆಯ ಕಡೆ ಹೋಯಿತು, ಆಗಲೂ ತೆಗೆಯಲಿಲ್ಲ. ಅಂಚು ಪೂರ್ತಿ ಸೀದ ಮೇಲೆ ತೆಗೆದು, ಕಾಳು ಬೆಂದ ನೀರಲ್ಲಿ ನೆನೆಸಿ, ಅರೆದು ಸುರಿದರು.

ಸೀದ ಬ್ರೆಡ್ಡು! ಹನ್ನೊಂದು ವರ್ಷದಿಂದ ಪ್ರತಿ ಸಂಜೆ ನಾನು ಕಸದ ಬುಟ್ಟಿಗೆ ಹಾಕುತ್ತಿದ್ದ ಹಳಸಲು ಬ್ರೆಡ್ಡು.

"ಇದು ನಿಮ್ಮ ಅಂಗಡಿ ಗುಟ್ಟಲ್ವಾ ಅಜ್ಜಿ?" ಅಂದೆ.

"ಗುಟ್ಟು ಏನ್ ಬಂತು? ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಅಂದರು. ಡಬ್ಬಿಗೆ ಸೂಪು ತುಂಬಿ, ಮಾಡುವ ಬಗೆಯನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೂ ಕೊಟ್ಟರು. ಹೊರಡುವಾಗ, "ತಿಂದ್ರಾ ಇಲ್ವಾ ಅಂತ ತಿಳೀಬೇಕಲ್ಲ, ನಂಬರ್ ಕೊಡಿ" ಅಂದರು. ನಾನು ಕೈಚೀಲ ತಡಕಾಡುತ್ತಾ ನಿಂತೆ. ಅತ್ತಿಗೆ ತಮ್ಮ ನಂಬರು ಕೊಟ್ಟರು.

ಬಸ್ಸಿನಲ್ಲಿ ಅತ್ತಿಗೆ ಡಬ್ಬಿಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕೂತಿದ್ದರು. ಅರ್ಧ ದಾರಿಯಲ್ಲಿ ನಾನೇ ಶುರುಮಾಡಿದೆ. ಮ್ಯಾನೇಜರು, ಬುಧವಾರ, ಟಾಯ್ಲೆಟ್ಟಿನ ಪುಸ್ತಕ, ಎಲ್ಲ ಹೇಳಿದೆ. "ಬಾಯಿಗೆ ಬಂತು, ಅಂದ್ಬಿಟ್ಟೆ ಅತ್ತಿಗೆ."

"ಹೂಂ" ಅಂದರು. ಡಬ್ಬಿಯ ಮುಚ್ಚಳ ಒತ್ತಿ ಬಿಗಿಮಾಡಿ, "ಎಡಗಡೆ ನಾಲ್ಕು ಹಲ್ಲು ಅನ್ನೋದು ನಿಂಗೆ ಗೊತ್ತಿರ್ಲಿಲ್ಲ ಅಲ್ವಾ?" ಅಂದರು.

"ಇಲ್ಲ."

ಅವರು ಕಿಟಕಿಯ ಕಡೆ ತಿರುಗಿದರು. ಬೈಯಬಹುದಿತ್ತು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆ ಸೂಪನ್ನು ಆ ರಾತ್ರಿ ಅಣ್ಣ ತಿಂದನಂತೆ, ಉಪ್ಪು ಕಡಿಮೆ ಅಂದನಂತೆ.

ಮಾನ ಇದ್ದವಳಾದರೆ ಆ ಚೀಟಿಯನ್ನು ಹರಿದು ಹಾಕುತ್ತಿದ್ದಳು. ನಾನು ಬುಧವಾರ ಸೂಪು ಮಾಡಿದೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವ ಗಾದೆ ಬ್ರೆಡ್ಡು ಸೀಯಿಸುವಾಗ ತಲೆಯಲ್ಲಿ ಸುತ್ತುತ್ತಲೇ ಇತ್ತು, ಕೈ ಮಾತ್ರ ನಿಲ್ಲಲಿಲ್ಲ. ನಾಲ್ಕು ಜನರೂ ಬಟ್ಟಲು ಒರೆಸಿ ತಿಂದರು. "ಯಾರು ಕಲಿಸಿದ್ದು ಮೇಡಂ?" ಎಂದರು ಮ್ಯಾನೇಜರು. ಅಲ್ಲೂ ಅದೇ ಮಾತು ಬಾಯಿಗೆ ಬಂತು: "ನಮ್ಮಮ್ಮ." ಅವರೇ ಹೆಸರಿಟ್ಟರು. ಮಾರನೆಯ ದಿನದಿಂದ ಬೋರ್ಡಿನ ಮೇಲೆ 'ಅಮ್ಮನ ಸೂಪು' ಎಂದು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಕ್ಯಾಂಟೀನು ನನಗೇ ಉಳಿಯಿತು. ಒಂದು ಸುಳ್ಳಿಗೆ ಅಮ್ಮನನ್ನು ಬದುಕಿಸಿ ಹಾಸಿಗೆಯಲ್ಲಿ ಮಲಗಿಸಿದೆ, ಇನ್ನೊಂದಕ್ಕೆ ಸೌಟು ಕೊಟ್ಟು ಒಲೆಯ ಮುಂದೆ ನಿಲ್ಲಿಸಿದೆ. ಅಮ್ಮ ಬದುಕಿದ್ದಾಗ ಅವಳಿಗೆ ನಾನು ಇಷ್ಟು ಕೆಲಸ ಹೇಳಿರಲಿಲ್ಲ.

ಎರಡು ತಿಂಗಳು ಅಣ್ಣನ ಮನೆಯ ಕಡೆ ಸುಳಿಯಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹೋದೆ. ಅತ್ತಿಗೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದರು. ಬಾಗಿಲಿನಾಚೆ ಹಜಾರದಲ್ಲಿ ಅಮ್ಮ ಮಲಗುತ್ತಿದ್ದ ಮಂಚ ಮೊದಲಿನ ಹಾಗೇ ಕಿಟಕಿಯ ಪಕ್ಕ ಇತ್ತು, ಮೇಲೆ ಮಡಿಸಿದ ಬಟ್ಟೆಗಳು. ಹತ್ತೂವರೆಗೆ ಅವರ ಫೋನು ಹೊಡೆದುಕೊಂಡಿತು. ಅತ್ತಿಗೆ ನೋಡಿ, "ಸೂಪಜ್ಜಿ" ಅಂದರು. "ಪ್ರತಿ ಭಾನುವಾರ ಮಾಡ್ತಾರೆ, ಅಂಗಡಿ ತೆಗೆಯೋ ಮುಂಚೆ."

"ನೀವೇನು ಹೇಳ್ತೀರಿ?"

"ಎಷ್ಟು ಚಮಚ ತಿಂದ್ರು ಅಂತ ಕೇಳ್ತಾರೆ. ಹೇಳ್ತೀನಿ. ಅತ್ತೆ ವಿಷ್ಯ ನನ್ನನ್ನ ಇನ್ಯಾರೂ ಕೇಳಲ್ಲ ಪುಟ್ಟಿ. ನಿಮ್ಮಣ್ಣನೂ ಕೇಳಲ್ಲ. ಹೇಳೋಕೆ ಇಷ್ಟ ಆಗುತ್ತೆ ನಂಗೆ. ಆದ್ರೆ ಫೋನಿಟ್ಟ ಮೇಲೆ ಆ ಮುದುಕಿಗೆ ಮೋಸ ಮಾಡ್ತಿದೀನಿ ಅಂತ ಅನ್ನ ಸೇರಲ್ಲ." ಒದ್ದೆ ಕೈಯಿಂದಲೇ ಫೋನನ್ನು ನನ್ನ ಮುಂದೆ ಚಾಚಿದರು. "ತಗೋ. ಶುರು ಮಾಡಿದವಳು ನೀನು."

ತೆಗೆದುಕೊಂಡೆ. ಆ ಕಡೆ ಪಾತ್ರೆಗೆ ಸೌಟು ತಾಗುವ ಸದ್ದು.

"ಹೆಂಗಿದಾರಮ್ಮ? ಇವತ್ತು ಎಷ್ಟು ಚಮಚ?"

ಮೂರು ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅತ್ತಿಗೆ ನನ್ನನ್ನು ನೋಡುತ್ತಿರಲಿಲ್ಲ, ಆದರೆ ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಿದ್ದರು.

"ಅಜ್ಜಿ, ನಾನು ಮಗಳು ಮಾತಾಡ್ತಿರೋದು. ಅಮ್ಮ ಇಲ್ಲ."

"ಅಯ್ಯೋ ನನ್ನಮ್ಮಾ! ಯಾವಾಗ?"

'ಮೊನ್ನೆ' ಅಂದರೆ ಎಲ್ಲರ ಮಾನವೂ ಉಳಿಯುತ್ತಿತ್ತು. "ಆರು ವರ್ಷ ಆಯ್ತು" ಅಂದೆ. "ನಾನು ಅಡುಗೆಯವಳು. ಕ್ಯಾಂಟೀನ್ ಇದೆ. ನಿಮ್ಮ ಸೂಪು ಕದಿಯೋಕೆ ಬಂದಿದ್ದೆ. ಅಲ್ಲಿ ಅದನ್ನೇ ಮಾಡಿ ಬಡಿಸ್ತಿದೀನಿ."

ಸೌಟಿನ ಸದ್ದು ನಿಂತಿತು. ನಾನು ಬೈಗುಳಕ್ಕೆ ಕಾಯುತ್ತಾ ನಿಂತೆ. ಬೈಗುಳ ಬೇಕಾಗಿತ್ತು ನನಗೆ. ಸೂಪಜ್ಜಿ ಕೇಳಿದ್ದು ಸೂಪಿನ ವಿಷಯವಲ್ಲ.

"ಅವ್ರು ಹೋಗೋವಾಗ ಹತ್ರ ಇದ್ದೆಯಾ?"

"ಇರ್ಲಿಲ್ಲ ಅಜ್ಜಿ. ಅತ್ತಿಗೆ ಇದ್ರು."

"ಹಂಗಾದ್ರೆ ಫೋನು ಅವಳಿಗೆ ಕೊಡು" ಅಂದರು.

ಕೊಟ್ಟೆ. ಅತ್ತಿಗೆ ಫೋನನ್ನು ಕಿವಿಗಿಟ್ಟುಕೊಂಡು ಅಮ್ಮನ ಮಂಚದ ಅಂಚಿಗೆ ಹೋಗಿ ಕೂತರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ, "ಮಧ್ಯಾಹ್ನ ಅಜ್ಜಿ, ಎರಡು ಗಂಟೆ ಹೊತ್ತು. ಒಂದೇ ಚಮಚ ತಿಂದಿದ್ರು ಅವತ್ತು" ಅನ್ನುವುದು ಕೇಳಿಸಿತು. ನಾನು ಕೂತು ಉಳಿದ ಆಲೂಗಡ್ಡೆ ಹೆರೆದೆ.