ಗೇಟಿನ ಪಕ್ಕದ ಕೆಂಪು ಪೆಟ್ಟಿಗೆ

ಶಾಲೆಯ ಗೇಟಿಗೆ ದೂರುಪೆಟ್ಟಿಗೆ ಹಾಕಿದ ಹೊಸದರಲ್ಲಿ ಅದರೊಳಗೆ ಬೀಳುತ್ತಿದ್ದದ್ದು ಬರೀ ಚಾಕಲೇಟ್ ಕಾಗದ. ಅದನ್ನು ನೋಡಿಕೊಳ್ಳಲು ಸ್ಟೇಷನ್ನಿನಿಂದ ಬರುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ಬೇಸರಪಡಲಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬಳಿಗೆ ರಿಬ್ಬನ್ ಕಟ್ಟಿದಳು, ಇನ್ನೊಬ್ಬಳ ಹರಿದ ಬ್ಯಾಗಿಗೆ ಪಿನ್ನು ಹಾಕಿದಳು. ಮಕ್ಕಳ ಬಾಯಲ್ಲಿ ‘ಮೇಡಂ’ ಹೋಗಿ ‘ಪೊಲೀಸಕ್ಕ’ ಬರಲು ವರ್ಷ ಹಿಡಿಯಿತು.

ಆಮೇಲೆ ಒಂದು ಚೀಟಿ ಬಂತು. ಏಳನೇ ಕ್ಲಾಸಿನ ಹುಡುಗಿ ಹೆಸರು ಸಮೇತ ಬರೆದಿದ್ದಳು: “ಅಕ್ಕಾ, ಎಲ್ಲರೂ ಇಳಿದ ಮೇಲೆ ವ್ಯಾನ್ ಅಂಕಲ್ ನನ್ನನ್ನ ಮುಂದೆ ಕೂರಿಸ್ಕೋತಾರೆ. ಕೊನೇ ಸ್ಟಾಪ್‌ವರೆಗೂ ಕೈ ಬಿಡಲ್ಲ. ಭಯ ಆಗುತ್ತೆ.”

“ಯಾರಿಗೂ ಗೊತ್ತಾಗಲ್ಲ ಪುಟ್ಟಿ, ನಾನಿದ್ದೀನಿ” ಎಂದು ಕಾನ್‌ಸ್ಟೇಬಲ್ ಮಾತು ಕೊಟ್ಟಳು.

ಆದರೆ ಬಂದ ಚೀಟಿಯ ಫೋಟೊ ಶಾಲೆಯ ಸುರಕ್ಷತಾ ಸಮಿತಿಯ ವಾಟ್ಸಾಪ್ ಗುಂಪಿಗೆ ಹೋಗಬೇಕೆಂಬುದು ಸ್ಟೇಷನ್ನಿನ ಪದ್ಧತಿ.

“ಸಾರ್, ಇದೊಂದು ಬೇಡ. ನೇರ ಕೇಸ್ ಮಾಡೋಣ.”

“ಮಾಡೋಣಮ್ಮ. ಮೊದಲು ಹೆಸರು ಮುಚ್ಚಿ ಫೋಟೊ ಹಾಕು” ಎಂದರು ಇನ್‌ಸ್ಪೆಕ್ಟರ್. “ವರ್ಷಕ್ಕೊಂದು ಚೀಟಿ ಬಂದಿದೆ, ಅದನ್ನೂ ಬಚ್ಚಿಡ್ತೀಯಾ? ಮೇಲಿನವರು ಕೇಳಿದ್ರೆ ನೀನು ಕಟ್ಟಿದ ರಿಬ್ಬನ್ ತೋರಿಸ್ಲಾ?”

ಹೆಸರಿನ ಮೇಲೆ ಹೆಬ್ಬೆರಳಿಟ್ಟು ಫೋಟೊ ತೆಗೆದು ಕಳಿಸಿದಳು. ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರ ಹಾಕಿದವನು ವ್ಯಾನಿನವನು. ಊರಿನವರೆಲ್ಲ ಸೇರಿದರೇ ಸುರಕ್ಷತೆ ಎಂದು ಅವನನ್ನೂ ಸಮಿತಿಗೆ ಸೇರಿಸಿದ್ದು ಅವಳೇ. ಹೆಸರು ಮುಚ್ಚಿದರೇನು, ಕೊನೇ ಸ್ಟಾಪಿನಲ್ಲಿ ಇಳಿಯುವವಳು ಒಬ್ಬಳೇ ಹುಡುಗಿ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಕಾನ್‌ಸ್ಟೇಬಲ್ ಅವಳ ಅಪ್ಪನ ಇಸ್ತ್ರಿ ಅಂಗಡಿಗೆ ಹೋದಳು. ಒಳಗಿನ ಪರದೆಯ ಕೆಳಗೆ ಎರಡು ಪುಟ್ಟ ಪಾದ ಕಂಡವು.

“ಅವನೇ ಫೋನ್ ಹಿಡ್ಕೊಂಡು ಬಂದು ಬೀದಿಗೆಲ್ಲ ತೋರಿಸ್ದ, ನನ್ನ ಮಗಳು ಸುಳ್ಳಿ ಅಂತ” ಎಂದ ಅಪ್ಪ, ತಲೆಯೆತ್ತದೆ. “ಕೇಸೂ ಬೇಡ, ಸ್ಕೂಲೂ ಬೇಡ.”

“ಅವಳದೇನು ತಪ್ಪಣ್ಣಾ?”

“ನಿಮ್ಮನ್ನ ನಂಬಿದ್ದು.”

ಪಾದಗಳು ಹಿಂದೆ ಸರಿದವು.

ಮನೆಯವರು ಬಾಯಿ ಬಿಡಲಿಲ್ಲ, ಕೇಸು ದಾಖಲಾಗಲಿಲ್ಲ. ವ್ಯಾನು ಬೇರೊಂದು ಶಾಲೆಗೆ ಓಡತೊಡಗಿತು. ಆರು ತಿಂಗಳು ಪೆಟ್ಟಿಗೆ ಖಾಲಿ. ಈಗ ಚಾಕಲೇಟ್ ಕಾಗದವೂ ಇಲ್ಲ.

“ನೋಡಿ, ಒಂದೇ ಒಂದು ದೂರಿಲ್ಲ!” ಎಂದು ಇನ್‌ಸ್ಪೆಕ್ಟರ್ ಶಾಲೆಗೆ ಪ್ರಶಸ್ತಿಪತ್ರ ಕೊಟ್ಟು, ಪೆಟ್ಟಿಗೆಯನ್ನು ಕಾನ್‌ಸ್ಟೇಬಲ್ ಕೈಗಿತ್ತು ಫೋಟೊ ತೆಗೆಸಿಕೊಂಡರು.

ಸಮಾರಂಭ ಮುಗಿದು ಮಕ್ಕಳು ಹೊರಟರು. ಒಬ್ಬಳ ರಿಬ್ಬನ್ ಬಿಚ್ಚಿ ಜೋತಾಡುತ್ತಿತ್ತು. ಕಾನ್‌ಸ್ಟೇಬಲ್ ಅಭ್ಯಾಸಬಲದಿಂದ ಕೈ ಚಾಚಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ಮರ್ಯಾದೆಯಿಂದಲೇ ಹೇಳಿದಳು:

“ಪರವಾಗಿಲ್ಲ, ಮೇಡಂ.”