ಕ್ಲಾರಿಯ ಪಾಲಿನ ಗ್ಲಾಸು

ಕ್ಲಾರಿ ಹ್ಯಾಡೋನ ಸ್ಟೂಲಿನ ಮುಂದೆ ಇಟ್ಟಿದ್ದ ಬಿಯರ್ ಗ್ಲಾಸು ಖಾಲಿಯಾಗಿರುವುದನ್ನು ಪಬ್ಬಿನಲ್ಲಿ ಬಿಯರ್ ಸುರಿಯುವ ಗ್ಲೆನಿಸ್ ನೋಡಿದಾಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕ್ಲಾರಿಯನ್ನು ಮಣ್ಣು ಮಾಡಿ ಆಗಲೇ ಮೂರು ಗಂಟೆ ಕಳೆದಿತ್ತು.

ಕಿಟಕಿ ಪಕ್ಕದ ಆ ಸ್ಟೂಲಿನ ಮೇಲೆ ಮೂವತ್ತು ವರ್ಷ ಅವನಲ್ಲದೆ ಬೇರೆ ಯಾರೂ ಕೂತಿರಲಿಲ್ಲ. ಇವತ್ತು ಅದರ ಮೇಲೆ ಅವನ ಹಳೆಯ ಟೋಪಿ ಕೂತಿತ್ತು. ಸುತ್ತ ಆರು ಜನ ಗಂಡಸರು, ಐವರು ಕ್ಲಾರಿಯ ಜೊತೆ ಕುರಿಯ ಉಣ್ಣೆ ಕತ್ತರಿಸಿ ಬೆನ್ನು ಬಗ್ಗಿಸಿಕೊಂಡವರು, ಆರನೆಯವನು ಅವನ ಮಗ ಕೆಲ್. ವಿರಾಬಿಲ್ಲ ಊರಿನಲ್ಲಿ ಯಾರೂ ತಮ್ಮ ಗ್ಲಾಸನ್ನು ತಾವು ತರಿಸಿಕೊಳ್ಳುವುದಿಲ್ಲ. ಒಬ್ಬ ‘ನನ್ನ ಸರದಿ’ ಎಂದು ಎದ್ದರೆ ಗುಂಪಿಗೆಲ್ಲ ಅವನೇ ತರಬೇಕು, ಆಮೇಲೆ ಇನ್ನೊಬ್ಬ. ಸರದಿಯ ನಡುವೆ ಎದ್ದು ಹೋದವನನ್ನು ಊರು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತದೆ. ಮಣ್ಣು ಮಾಡಿದ ದಿನ ಸತ್ತವನ ಮನೆಯವರಿಗೆ ಸರದಿ ಇಲ್ಲ, ಕುಡಿದರೆ ಸಾಕು. ಸತ್ತವನಿಗೂ ಪ್ರತಿ ಸರದಿಯಲ್ಲೂ ಒಂದು ಗ್ಲಾಸು ಇಡಬೇಕು.

ಗ್ಲೆನಿಸ್ ಕೌಂಟರಿನ ಕೆಳಗೆ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದಳು. ಐದು ಸರದಿ ಆಗಿತ್ತು. ತಲೆಗೆ ಐದು ಸಣ್ಣ ಗ್ಲಾಸು, ಎರಡು ಗಂಟೆಗೂ ಹೆಚ್ಚು ಹೊತ್ತಿನಲ್ಲಿ. ಹೆಚ್ಚೇ, ಆದರೆ ಮಿತಿ ಮೀರಿದ್ದಲ್ಲ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಿದ್ದಳು. ಕ್ಲಾರಿಯ ಹೆಸರಿನ ಮುಂದೆ ಅವಳು ಗೆರೆ ಎಳೆದಿರಲಿಲ್ಲ. ಸತ್ತವನ ಲೆಕ್ಕ ಯಾರಿಡುತ್ತಾರೆ?

ಇಷ್ಟು ಹೊತ್ತು ಆ ಮೂಲೆಯ ಗ್ಲಾಸುಗಳನ್ನು ಎತ್ತುತ್ತಿದ್ದವಳು ಪಬ್ಬಿನ ಯಜಮಾನಿ ನೋರೀನ್. ಈಗ ಅವಳು ಅಡುಗೆಮನೆಯಲ್ಲಿ ಮಾಂಸದ ಕಡುಬು ಬಿಸಿ ಮಾಡುತ್ತಿದ್ದಳು. ಒದ್ದೆ ಬಟ್ಟೆ ಹಿಡಿದು ಗ್ಲೆನಿಸ್ ಮೊದಲ ಸಲ ಆ ಮೂಲೆಗೆ ಹೋಗಿದ್ದಳು.

“ಇದನ್ನ ಯಾರು ಕುಡಿದ್ರು?” ಎಂದಳು.

“ಮುದುಕನೇ. ಮತ್ಯಾರು?” ಎಂದ ಆ ಐವರಲ್ಲೊಬ್ಬನಾದ ಬ್ಲೂ. ತಲೆತುಂಬ ಕೆಂಪು ಕೂದಲಿದ್ದುದಕ್ಕೇ ಅವನನ್ನು ಊರೆಲ್ಲ ತಮಾಷೆಗೆ ಬ್ಲೂ, ಅಂದರೆ ನೀಲಿ, ಅನ್ನುತ್ತಿತ್ತು, ಈಗ ಆ ಕೂದಲೂ ಉಳಿದಿರಲಿಲ್ಲ. “ಬದುಕಿದ್ದಾಗ ಒಂದು ತೊಟ್ಟು ಬಿಟ್ಟವನಲ್ಲ. ಈಗ ಬಿಡ್ತಾನಾ?”

ಎಲ್ಲರೂ ನಕ್ಕರು.

“ನಿಜ ಹೇಳು ಬ್ಲೂ.”

“ಅಯ್ಯೋ ಕಾರ್ಡಮ್ಮ, ಮಗ ಇದಾನಲ್ಲ. ಅಪ್ಪನ ಪಾಲು ಮಗಂದು. ಚೆಲ್ಲಕ್ಕಾಗತ್ತಾ?”

ಹತ್ತು. ಕೆಲ್ ಕುಡಿದದ್ದು ಐದಲ್ಲ, ಹತ್ತು. ಅಷ್ಟನ್ನೂ ಸುರಿದದ್ದು ಅವಳದೇ ಕೈ.

ಕೆಲ್ ಗೋಡೆಯ ಬಳಿ ನಿಂತಿದ್ದ. ಎತ್ತರದ ಆಳು, ಕಪ್ಪು ಕೋಟು, ಬಿಗಿದ ಟೈ. ಅವನ ಮಾತು ತೊದಲುತ್ತಿರಲಿಲ್ಲ. ಮಾತೇ ಇರಲಿಲ್ಲ. ಅವಳು ನೋಡುತ್ತಿದ್ದ ಹಾಗೇ ಅವನು ಗೋಡೆಯ ಗೂಟದಿಂದ ತನ್ನ ಟೋಪಿ ತೆಗೆಯಲು ಕೈ ಚಾಚಿದ. ಕೈ ಗೂಟದ ಎಡಕ್ಕೆ ಹೋಯಿತು. ಮತ್ತೆ ಚಾಚಿದ, ಬಲಕ್ಕೆ ಹೋಯಿತು. ಮೂರನೆಯ ಸಲ ಇನ್ನೊಂದು ಕೈಯಿಂದ ಗೋಡೆ ಹಿಡಿದುಕೊಂಡು ತೆಗೆದ. ಬೇರೆ ಯಾರೂ ನೋಡಲಿಲ್ಲ.

ಬ್ಲೂ ‘ಕಾರ್ಡಮ್ಮ’ ಅನ್ನಲು ಕಾರಣವಾದ ಪರವಾನಗಿ ಕಾರ್ಡು ಅವಳ ಅಂಗಿಯ ಜೇಬಿನಲ್ಲಿತ್ತು. ಅದಿಲ್ಲದೆ ಈ ನಾಡಿನಲ್ಲಿ ಯಾರೂ ಒಂದು ಗ್ಲಾಸು ಬಿಯರ್ ಸುರಿಯುವಂತಿಲ್ಲ, ಅದಿದ್ದವರು ಅಮಲೇರಿದವನಿಗೆ ಸುರಿಯುವಂತಿಲ್ಲ. ಶಾಲೆಯ ಲೈಬ್ರರಿ ಕೆಲಸ ಹೋದಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ, ಪಕ್ಕದ ದೊಡ್ಡ ಊರಿಗೆ ಹೋಗಿ ಆರು ಗಂಟೆ ತರಬೇತಿಗೆ ಕೂತು ತಂದ ಕಾರ್ಡು. ಫೋಟೋದಲ್ಲೂ ಅವಳು ಹೆದರಿದ ಹಾಗೇ ಇದ್ದಳು. ಅಲ್ಲಿ ಕಲಿಸಿದ ಹೆಂಗಸು ಹೇಳಿದ್ದಳು: ‘ನೀನು ಕುಡಿದಿದ್ದೀಯ’ ಅನ್ನಬೇಡಿ. ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ದನಿ ತಗ್ಗಿಸಿ, ನಾಲ್ಕು ಜನರ ಮುಂದೆ ಮಾನ ಕಳೆಯಬೇಡಿ. ಅಭ್ಯಾಸ ಮಾಡುವಾಗ ಗ್ಲೆನಿಸ್ ಎಷ್ಟು ದನಿ ತಗ್ಗಿಸಿದ್ದಳೆಂದರೆ, ಕುಡುಕನ ಪಾತ್ರ ಮಾಡುತ್ತಿದ್ದವನು “ಆಂ? ಏನಂದ್ರಿ?” ಎಂದು ಮೂರು ಸಲ ಕೇಳಿದ್ದ. ತರಗತಿಯೆಲ್ಲ ನಕ್ಕಿತ್ತು.

ಗಡಿಯಾರ ಎರಡೂ ಹದಿನೈದು ತೋರಿಸುತ್ತಿತ್ತು. ಶಾಲೆ ಬಿಡುವುದು ಮೂರಕ್ಕೆ.

ಕೆಲ್‌ನ ಮಗಳು ಟೆಸ್‌ಗೆ ಎಂಟು ವರ್ಷ. ಬೆಳಿಗ್ಗೆ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಮೇಲೆ, “ಇಲ್ಲಿ ಎಲ್ರೂ ಅಳ್ತಾರೆ, ನಾನು ಸ್ಕೂಲಿಗೆ ಹೋಗ್ತೀನಿ” ಎಂದು ಹಟ ಹಿಡಿದಿದ್ದಳು. ಅವಳ ತಾಯಿ ಕರಾವಳಿಗೆ ಹೋಗಿ ಮೂರು ವರ್ಷವಾಗಿತ್ತು, ತಿರುಗಿ ಬಂದಿರಲಿಲ್ಲ. ದಿನವೂ ಅಪ್ಪನೇ ಬಂದು ಕರೆದುಕೊಂಡು ಹೋಗಬೇಕು. ಊರಾಚೆ, ಹಳಿಯ ಆ ಕಡೆ ಇರುವ ಶಾಲೆಯಿಂದ ಊರು ದಾಟಿ ಅವರ ತೋಟದ ಮನೆಗೆ ಹದಿನೆಂಟು ಕಿಲೋಮೀಟರು. ನಡುವೆ ಗೇಟಿಲ್ಲದ ರೈಲ್ವೆ ಕ್ರಾಸಿಂಗು. ಗೋಧಿ ಕೊಯ್ಲಿನ ಕಾಲ ಬೇರೆ, ಮೂರು ಮೂರು ಟ್ರೇಲರು ಎಳೆಯುವ ಲಾರಿಗಳು ಆ ರಸ್ತೆಯಲ್ಲಿ ಯಾರಿಗೂ ನಿಲ್ಲುವುದಿಲ್ಲ. ಕುದುರೆಗಳ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂರುವ ಟೆಸ್‌ಳನ್ನು ಗ್ಲೆನಿಸ್ ಕಣ್ಣಿಗೆ ಕಟ್ಟಿದಂತೆ ಕಂಡಳು.

ಅಡುಗೆಮನೆಗೆ ಓಡಿದಳು. “ನೋರೀನ್, ಕೆಲ್‌ಗೆ ಹತ್ತಾಗಿದೆ. ಅಪ್ಪನ ಗ್ಲಾಸೂ ಅವನೇ ಕುಡೀತಿದಾನೆ.”

ನೋರೀನ್ ಒಲೆಯ ಬಾಗಿಲು ಹಿಡಿದುಕೊಂಡೇ ನಿಂತಳು. “ಖಾಲಿ ಗ್ಲಾಸು ಎತ್ತಿದ್ದು ನಾನು. ಬ್ಲೂ ಕುಡೀತಿದಾನೆ ಅಂದ್ಕೊಂಡೆ ನೋಡು, ದರಿದ್ರದ್ದು. ಹಾಕಬೇಡ ಇನ್ನು.”

“ನೀವೇ ಹೇಳಿ ನೋರೀನ್. ನಿಮ್ಮ ಮಾತಾದ್ರೆ ಕೇಳ್ತಾನೆ.”

“ಸುರಿಯೋಳು ನೀನು, ಹೇಳೋಳೂ ನೀನೇ ಆಗ್ಬೇಕು. ನಾನು ಸ್ಕೂಲಿಗೆ ಫೋನ್ ಮಾಡ್ತೀನಿ, ಹೋಗು.”

ಗ್ಲೆನಿಸ್ ಹೊರಗೆ ಬರುವಷ್ಟರಲ್ಲಿ ಬ್ಲೂ ಕೌಂಟರು ಬಡಿಯುತ್ತಿದ್ದ. “ಆರನೇ ಸರದಿ ನಂದು! ಏಳು ಗ್ಲಾಸು ಕಾರ್ಡಮ್ಮ, ಮುದುಕಂದೂ ಸೇರಿ.”

ಅವಳು ಕೌಂಟರು ಬಳಸಿಕೊಂಡು ಹೋಗಿ ಕೆಲ್‌ನ ಪಕ್ಕ ನಿಂತಳು. “ಕೆಲ್, ಇವತ್ತಿಗೆ ನಿನಗೆ ಇನ್ನು ಹಾಕಕ್ಕಾಗಲ್ಲ ನನಗೆ,” ಎಂದಳು.

“ಆಂ?” ಎಂದ ಕೆಲ್.

ಮತ್ತೆ ಹೇಳಿದಳು. ಈ ಸಲ ದನಿ ಅವಳ ಕೈಮೀರಿ ಜೋರಾಯಿತು. ಪಬ್ಬಿಗೆಲ್ಲ ಕೇಳಿಸಿತು.

“ಏನಂದೆ?” ಎಂದ ಬ್ಲೂ. “ಇವತ್ತು ಅಪ್ಪನ್ನ ಮಣ್ಣು ಮಾಡಿದಾನೆ ಕಣೇ. ಆ ಕಾರ್ಡು ಕೊಟ್ಟೋರು ಕರುಳು ಕಿತ್ತಿಟ್ಕೊಂಡು ಕಳಿಸಿದ್ರಾ ನಿನ್ನ?”

“ಲೈಬ್ರರೀಲಿ ಶ್ಶ್ ಅಂತಿದ್ಲು, ಇಲ್ಲೂ ಶುರು ಮಾಡಿದ್ಲು,” ಎಂದ ಇನ್ನೊಬ್ಬ.

ಅವರು ಬೈಯಲಿ. ಅವಳಿಗೆ ಅವರ ಹೆದರಿಕೆ ಇರಲಿಲ್ಲ, ಕೆಲ್‌ನ ಮುಖದ್ದಿತ್ತು. ಅವನು ಸಿಟ್ಟಾಗಲೇ ಇಲ್ಲ. ತಲೆ ಆಡಿಸಿದ, ತುಂಬ ಮರ್ಯಾದೆಯಿಂದ.

“ಪರವಾಗಿಲ್ಲ ಮಿಸ್. ನೀವು ಹೇಳಿದ್ದೂ ಸರೀನೇ. ಹೊರಡೋ ಹೊತ್ತಾಯ್ತು. ಟೆಸ್‌ನ ಕರ್ಕೊಂಡ್ ಬರ್ಬೇಕು.” ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಕೀಲಿಗೊಂಚಲು ಹೊರಬಂತು.

ಈ ಭಯ ಬೇರೆಯದೇ ಆಗಿತ್ತು. ಕೊಡುವುದಿಲ್ಲ ಎಂದು ಹೇಳುವುದನ್ನು ಆರು ಗಂಟೆ ಕಲಿಸಿದ್ದರು. ಹೇಳಿದಮೇಲೆ ಮನುಷ್ಯ ತಕರಾರಿಲ್ಲದೆ ವಂದಿಸಿ ಕಾರಿನ ಕಡೆ ನಡೆದರೆ ಏನು ಮಾಡಬೇಕೆಂದು ಅರ್ಧ ಪುಟವೂ ಇರಲಿಲ್ಲ. ಟ್ಯಾಕ್ಸಿ ಕರೆಸಿ, ಅಂತಿತ್ತು. ವಿರಾಬಿಲ್ಲದಲ್ಲಿ ಟ್ಯಾಕ್ಸಿಯೇ ಇಲ್ಲ. ಪೊಲೀಸ್ ಪೇದೆ ಅರವತ್ತು ಕಿಲೋಮೀಟರು ಆಚೆ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಅರ್ಧ ಗಂಟೆ ಅವನು ಇಲ್ಲೇ ನಿಂತಿರುತ್ತಿದ್ದ. ಈಗ ತಾನೇ ಅವನನ್ನು ರಸ್ತೆಗೆ ಕಳಿಸುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನೋರೀನ್ ಕಾಣಿಸಿಕೊಂಡು, ಫೋನು ಯಾರೂ ಎತ್ತುತ್ತಿಲ್ಲವೆಂದು ತಲೆಯಾಡಿಸಿದಳು.

ಕೆಲ್ ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದ. ನೇರವಾದ, ಎಣಿಸಿದಂಥ ಹೆಜ್ಜೆಗಳು.

“ಈಗ ನನ್ನ ಸರದಿ!” ಎಂದಳು ಗ್ಲೆನಿಸ್.

ಅದು ಬಾಯಿಂದ ಹೇಗೆ ಬಂತೋ. ಎಲ್ಲರೂ ಅವಳತ್ತ ತಿರುಗಿದರು. ಕೌಂಟರಿನ ಹಿಂದಿನವರಿಗೆ ಸರದಿ ಇರುವುದಿಲ್ಲ, ಯಾರೂ ಕೇಳಿದ್ದೇ ಇಲ್ಲ.

“ಕಾರ್ಡಮ್ಮ ಸರದಿ ಕೊಡ್ತಾಳಂತೆ!” ಬ್ಲೂ ಎರಡೂ ಕೈ ಎತ್ತಿದ. “ಬರ್ಕೊಳ್ರಪ್ಪ ಯಾರಾದ್ರೂ.”

“ಕ್ಲಾರಿ ಹೆಸರಲ್ಲಿ,” ಎಂದಳು. “ಒಬ್ರೂ ಹೋಗೋ ಹಾಗಿಲ್ಲ.”

ಕೆಲ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದ. ಅವಳು ಅವನನ್ನು ನೋಡಲಿಲ್ಲ. ಗ್ಲಾಸುಗಳನ್ನು ಸಾಲಾಗಿ ಇಟ್ಟಳು. ಎರಡು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನಿಂಬೆ ಶರಬತ್ತಿನ ಸೀಸೆ ತೆಗೆದು ಏಳರಲ್ಲೂ ಸುರಿದು ತಣ್ಣನೆಯ ಸೋಡಾ ತುಂಬಿಸಿದಳು. ಬಾಗಿಲ ಹಿಡಿಯ ಸದ್ದಿಗೆ ಕಿವಿಗೊಟ್ಟೇ ಇದ್ದಳು. ಸದ್ದು ಬರಲಿಲ್ಲ.

“ನಿಂಬೆ ಶರಬತ್ತಾ?” ಬ್ಲೂ ಗ್ಲಾಸನ್ನು ಮೂಸಿದ. “ಕ್ಲಾರಿ ಪೆಟ್ಟಿಗೆಯೊಳಗೇ ಮಗ್ಗಲು ಬದಲಾಯಿಸ್ತಾನೆ.”

“ಸರದಿ ಅಂದ್ಮೇಲೆ ಸರದಿ, ಕುಡಿ ಬಾಯ್ಮುಚ್ಕೊಂಡು,” ಎಂದಳು ನೋರೀನ್.

ಒಂದು ಗ್ಲಾಸನ್ನು ಗ್ಲೆನಿಸ್ ತಾನೇ ಒಯ್ದು ಸ್ಟೂಲಿನ ಮುಂದೆ ಇಟ್ಟಳು. ಕೆಲ್ ಬಾಗಿಲಿಂದ ಹಿಂದಿರುಗಿ ಬಂದ. ಬಾರದೆ ಇರುವಂತಿರಲಿಲ್ಲ. ತನ್ನ ಗ್ಲಾಸನ್ನು ಎತ್ತಿ ಒಂದೇ ಉಸಿರಿಗೆ ಕುಡಿದ, ಹೊರಡುವ ಆತುರದಲ್ಲಿ. ಆಮೇಲೆ ಅವನ ಕೈ ತಾನಾಗಿ ಅಪ್ಪನ ಗ್ಲಾಸಿನತ್ತ ಹೋಗಿ ಅದನ್ನು ಹಿಡಿದು ಅಲ್ಲೇ ನಿಂತಿತು.

“ಅಪ್ಪ ಇದನ್ನ ಮುಟ್ತಿರ್ಲಿಲ್ಲ,” ಎಂದ.

ಗ್ಲೆನಿಸ್ ಕಡೆ ತಿರುಗಿದ.

“ಎಷ್ಟಾಯ್ತು ಮಿಸ್? ನೀವು ಬರ್ಕೊಳ್ತೀರಲ್ಲ.”

“ಹತ್ತು.”

“ಇಲ್ಲ. ಐದು. ನಾನೂ ಎಣಿಸ್ತಾನೇ ಇದೀನಿ. ಟೆಸ್ ಇದಾಳೆ, ಎಣಿಸ್ದೆ ಇರ್ತೀನಾ?”

“ನಾನೂ ಐದು ಅಂತಲೇ ಬರೆದಿದ್ದೆ ಕೆಲ್. ಅಪ್ಪಂದು ಐದು ಬಿಟ್ಟುಹೋಯ್ತು.”

ಅವನ ತುಟಿ ಅಲುಗಿತು. ಲೆಕ್ಕ ಹಾಕುತ್ತಿದ್ದ. ಎಲ್ಲೋ ನಡುವೆ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದ.

“ಅದು ಅವನ ಲೆಕ್ಕ ಅಂದ್ಕೊಂಡೆ,” ಎಂದ ಕೊನೆಗೆ.

ಗಡಿಯಾರದಲ್ಲಿ ಎರಡೂ ಮೂವತ್ತೆಂಟು. ಅವನ ಬಲಗೈಯಲ್ಲಿ ಕೀಲಿ ಇನ್ನೂ ಇತ್ತು. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಅವಳು ಕೈ ಚಾಚಬೇಕೆಂದುಕೊಂಡಳು, ಚಾಚಲಾಗಲಿಲ್ಲ. ಚಾಚಿದರೆ ಅವನು ನಡೆದುಬಿಡುತ್ತಾನೆಂದು ಭಯ, ಚಾಚದಿದ್ದರೂ ಅದೇ ಭಯ. ಬ್ಲೂ ಕೂಡ ಈಗ ಆ ಕೈಯನ್ನೇ ನೋಡುತ್ತಿದ್ದ.

“ಲೋ ಹುಡುಗ,” ಎಂದ ಬ್ಲೂ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಅಪ್ಪನ ಗ್ಲಾಸುಗಳನ್ನ ನಾನೇ ನಿನ್ನ ಕೈಗಿಟ್ಟಿದ್ದು. ನಂದೂ ತಪ್ಪು.”

ಕೆಲ್ ಕೀಲಿಗೊಂಚಲನ್ನು ಅಪ್ಪನ ಟೋಪಿಯೊಳಗೆ ಹಾಕಿದ. ಸ್ಟೂಲಿನ ಕಾಲು ಹಿಡಿದು ನಿಧಾನವಾಗಿ ಕೆಳಗೆ, ನೆಲದ ಮೇಲೆಯೇ ಕೂತ. ಮುಖವನ್ನು ಮೊಣಕಾಲಿನಲ್ಲಿ ಹುದುಗಿಸಿದ.

“ಟೆಸ್‌ನ ನೀವೇ ಕರ್ಕೊಂಡ್ ಬನ್ನಿ ಮಿಸ್. ಅವಳಿಗೆ ಏನಂತ ಹೇಳ್ತೀರಿ?” ಎಂದ, ತಲೆ ಎತ್ತದೆ.

“ನೀನು ಕಳಿಸಿದೆ ಅಂತೀನಿ,” ಎಂದಳು ಗ್ಲೆನಿಸ್.

ನೋರೀನ್ ಅವಳ ಕೈಯಿಂದ ಬಟ್ಟೆ ಕಸಿದುಕೊಂಡಳು. “ಹೋಗು ನೀನು. ಇಲ್ಲಿ ನಾನಿದೀನಿ. ನಡೆದಿದ್ದನ್ನ ಪಬ್ಬಿನ ಪುಸ್ತಕದಲ್ಲಿ ಬರೆಯೋದೆಲ್ಲ ಆಮೇಲೆ, ಇಬ್ರೂ ಸೇರಿ ಬರೆಯೋಣ.”

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಕಾರಿನ ಕೀಲಿಯನ್ನು ಸಂದಿಗೆ ತೂರಿಸಲು ಅವಳಿಗೇ ಎರಡು ಸಲ ಬೇಕಾಯಿತು. ಒಂದು ಹನಿಯೂ ಕುಡಿಯದವಳು, ಯಾರಾದರೂ ನೋಡಿದರೆ ಏನಂದುಕೊಂಡಾರೆಂದು ಸುತ್ತ ಕಣ್ಣಾಡಿಸಿದಳು.

ಶಾಲೆ ಬಿಟ್ಟಾಗಿತ್ತು. ಗೇಟಿನ ಬಳಿ, ದೊಡ್ಡ ಮರದ ನೆರಳಲ್ಲಿ ಟೆಸ್ ಒಬ್ಬಳೇ ಚೀಲದ ಮೇಲೆ ಕೂತಿದ್ದಳು.

“ಮಿಸ್? ನೀವ್ಯಾಕೆ ಬಂದ್ರಿ? ಅಪ್ಪ ಎಲ್ಲಿ?”

“ಅಪ್ಪ ನನ್ನನ್ನ ಕಳಿಸಿದ.”

“ಅಪ್ಪನೂ ಅಳ್ತಿದಾನಾ?”

“ಹೌದು ಮರಿ, ಸ್ವಲ್ಪ.”

ಟೆಸ್ ಯೋಚಿಸಿ, ಹಿಂದಿನ ಸೀಟು ಬಿಟ್ಟು ಮುಂದಿನದನ್ನು ಹತ್ತಿದಳು. ಕುದುರೆಗಳ ಪುಸ್ತಕ ಎದೆಗೆ ಒತ್ತಿಕೊಂಡಳು. ಗ್ಲೆನಿಸ್ ಬೆಲ್ಟು ಹಾಕಿಸಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿದಳು.

ಊರಿಗೆ ಮರಳುವಾಗಲೂ ಅದೇ ರೈಲ್ವೆ ಕ್ರಾಸಿಂಗು. ಕೆಂಪು ದೀಪ ಹತ್ತಿರಲಿಲ್ಲ. ಎಡಕ್ಕೆ ಹಳಿ ನೆಟ್ಟಗೆ ಬಿಸಿಲಿನ ಝಳದಲ್ಲಿ ಕರಗಿಹೋಗಿತ್ತು, ಬಲಕ್ಕೂ ಹಾಗೆಯೇ. ಅವಳು ಕಾರು ನಿಲ್ಲಿಸಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹಿಂದಿನ ಕನ್ನಡಿಯಲ್ಲಿ ಲಾರಿಯ ಧೂಳು ಕಂಡ ಹಾಗಾಗಿ ಮತ್ತೆ ನೋಡಿದಳು. ಧೂಳಷ್ಟೇ, ಗಾಳಿಯದು.

“ಮಿಸ್,” ಎಂದಳು ಟೆಸ್, “ಏನೂ ಬರ್ತಿಲ್ಲ.”

“ಗೊತ್ತು ಮರಿ,” ಎಂದಳು ಗ್ಲೆನಿಸ್. ಕಿಟಕಿಯ ಗಾಜು ಇಳಿಸಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ಕಿವಿಗೊಟ್ಟಳು.